ಡೇರಿಗೆ ಒಳ್ಳೆಯದಾಗುತ್ತೆ ಅಂತ ಫ್ಯಾಟ್ ಇಳಿಸಿ ಬರೆಯಬಹುದಾ?

ಪ್ರಶ್ನೆ: ಮಂಡ್ಯ ಕಡೆಯ ಒಂದು ಹಾಲಿನ ಡೇರಿ ಅಂದುಕೊಳ್ಳಿ ಸರ್. ಅಲ್ಲಿ ಹಾಲಿನ ಫ್ಯಾಟ್ (ಕೊಬ್ಬಿನಂಶ) ಕಮ್ಮಿಯಾದರೆ ಹಾಕಿದವರಿಗೆ ಸಿಗುವ ದುಡ್ಡೂ ಕಮ್ಮಿ. ಸೆಕ್ರೆಟರಿ ಟೆಸ್ಟರ್ ಹುಡುಗನಿಗೆ, "ಎಲ್ಲರದ್ದೂ ಫ್ಯಾಟ್ 3.9 ಬಂದರೆ 3.8 ಬರಿ, ಉಳಿದ ದುಡ್ಡಲ್ಲಿ ಕಟ್ಟಡ ರಿಪೇರಿ ಮಾಡಿಸೋಣ" ಅನ್ನುತ್ತಾರೆ. ಒಟ್ಟು ಸುಖ ಹೆಚ್ಚಿಸುವ ಕೆಲಸವೇ ಸರಿ ಅನ್ನುವ ಉಪಯುಕ್ತತಾವಾದದ ಪ್ರಕಾರ ಸರಿ, ಜರ್ಮನ್ ತತ್ವಜ್ಞಾನಿ ಕಾಂಟ್ ಪ್ರಕಾರ ತಪ್ಪು ಅಂತ ಪರೀಕ್ಷೆಯಲ್ಲಿ ಬರೆದರೆ ಸಾಕಾ?

ಸಾಕಾಗಲ್ಲ. ಕಬ್ಬಿನ ತೂಕ, ರೇಷ್ಮೆಗೂಡಿನ ತೂಕ ಅಂತ ವೇಷ ಬದಲಿಸಿಕೊಂಡು ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಯುಪಿಎಸ್‌ಸಿ 2013ರಲ್ಲಿ ನೀತಿಶಾಸ್ತ್ರಕ್ಕೇ 250 ಅಂಕದ ಪತ್ರಿಕೆ ತಂದಿತು. ಆಮೇಲೆ ಮೈಸೂರಿನ ಹುಡುಗರ ನೋಟ್ಸಿನಲ್ಲೆಲ್ಲ ಒಂದು ಸಾಲು ಕೂತಿದೆ: 'ಹೆಚ್ಚು ಜನಕ್ಕೆ ಲಾಭವಾದರೆ ಸುಳ್ಳೂ ಸರಿ, ಅದೇ ಉಪಯುಕ್ತತಾವಾದ.' ದಯವಿಟ್ಟು ಅದನ್ನು ಹೊಡೆದುಹಾಕಿ.

ಇಲ್ಲಿ ಹೆಚ್ಚು ಜನ ಯಾರು? ಹಾಲು ಹಾಕುವವರೇ ಅಲ್ವಾ? ಕಳೆದುಕೊಳ್ಳುವವರೂ ಅವರೇ. ಉಪಯುಕ್ತತಾವಾದ ಕಟ್ಟಿದ ಬೆಂಥಮ್ ಲೆಕ್ಕದಲ್ಲಿ ತಲೆಗೆ ಒಂದೇ ಎಣಿಕೆ, ಸೆಕ್ರೆಟರಿ ಅಂತ ಎರಡು ಸಿಗುವುದಿಲ್ಲ. ಹಾಗಂತ ಅದು ಕೈ ಎತ್ತಿಸುವ ವೋಟೂ ಅಲ್ಲ. ಯಾರಿಗೆ ಎಷ್ಟು ನೋವು, ಎಷ್ಟು ಸುಖ ಅಂತ ನೋಡಬೇಕು. ಒಂದು ರೂಪಾಯಿ ಬಡವನಿಗೆ ಕೊಡುವಷ್ಟು ಸುಖ ಉಳ್ಳವನಿಗೆ ಕೊಡುವುದಿಲ್ಲ ಅಂತ ಬೆಂಥಮ್ಮನೇ ಹೇಳಿದ್ದಾನೆ. ಒಂದೇ ಹಸು ಕಟ್ಟಿಕೊಂಡು ಬಟವಾಡೆಗೆ ಕಾಯುವ ಹೆಂಗಸಿಗೂ ಹತ್ತು ಹಸು ಇರುವವರಿಗೂ ಈ ಒಂದು ಪಾಯಿಂಟ್ ಒಂದೇ ಅಲ್ಲ. ಇನ್ನು ಅದೇ ವಾದದ ಇನ್ನೊಬ್ಬ ದೊಡ್ಡ ಚಿಂತಕ ಮಿಲ್ 1861ರಲ್ಲೇ ಬರೆದ: ಸುಳ್ಳು ಹೇಳಿದಾಗೆಲ್ಲ ಮಾತಿನ ಮೇಲಿನ ನಂಬಿಕೆ ಸಡಿಲವಾಗುತ್ತದೆ, ಸಮಾಜ ನಿಂತಿರುವುದೇ ಆ ನಂಬಿಕೆಯ ಮೇಲೆ. ಇಷ್ಟನ್ನೂ ಬಿಟ್ಟು ಬರೀ ಕಟ್ಟಡವನ್ನು ಲೆಕ್ಕಕ್ಕೆ ತಗೊಂಡರೆ ಅದು ಉಪಯುಕ್ತತಾವಾದ ಅಲ್ಲ, ಸೆಕ್ರೆಟರಿವಾದ.

ಕಾಂಟ್ ವಿಷಯ ಬೇಗ ಮುಗಿಯುತ್ತದೆ. ಎಲ್ಲರೂ ಹೀಗೇ ಮಾಡಿದರೆ ಈ ಕೆಲಸ ನಡೆಯುತ್ತದಾ ಅಂತ ನೋಡು ಅನ್ನುತ್ತಾನೆ ಅವನು. ಎಲ್ಲ ಡೇರಿಗಳೂ ಹೀಗೇ ಬರೆದರೆ ಫ್ಯಾಟ್ ಬರೆದ ಚೀಟಿಯನ್ನು ಯಾರೂ ನಂಬುವುದಿಲ್ಲ, ಆಗ ಮೋಸವೂ ನಡೆಯುವುದಿಲ್ಲ. ಅಂದರೆ ಉಪಯುಕ್ತತಾವಾದದ ಉತ್ತರವೂ ಕಾಂಟನ ಉತ್ತರವೂ ಇಲ್ಲಿ ಒಂದೇ, ಕಾರಣ ಮಾತ್ರ ಬೇರೆ. ಆ ಬೇರೆ ಕಾರಣವನ್ನು ಬರೆದ ಹುಡುಗರಿಗೆ ನಾನು ಖುಷಿಯಿಂದ ಅಂಕ ಕೊಡುತ್ತೇನೆ.

ಕಟ್ಟಡ ನಿಜಕ್ಕೂ ಬೇಕಿದ್ದರೆ ಸರ್ವಸದಸ್ಯರ ಸಭೆ ಇದೆ. ಲೀಟರಿಗೆ ಇಷ್ಟು ಹಿಡಿಯುತ್ತೇವೆ ಅಂತ ಅಲ್ಲಿ ಕೇಳಲಿ. ಎದುರಿಗೆ ಕೇಳಲಾಗದ್ದನ್ನು ಚೀಟಿಯಲ್ಲಿ ಯಾಕೆ ಬಚ್ಚಿಡಬೇಕು? ಬಹಿರಂಗ ಮಾಡಿದರೆ ನಡೆಯದ ಕೆಲಸ ಅನ್ಯಾಯದ್ದು ಅಂತ 1795ರಲ್ಲಿ ಕಾಂಟನೇ ಬರೆದಿದ್ದಾನೆ.

ಆದರೆ ಆ ಹುಡುಗನ ಗತಿ ಏನು? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ! ಸೆಕ್ರೆಟರಿಯನ್ನು ಎದುರು ಹಾಕಿಕೊಂಡರೆ ನಾಳೆ ಕೆಲಸವೇ ಇಲ್ಲ. ಇಲ್ಲಿ ಕೈ ಹಿಡಿಯುವವನು ಅರಿಸ್ಟಾಟಲ್. ಅವನ ಪ್ರಕಾರ ಧೈರ್ಯ ಇರುವುದು ಪುಕ್ಕಲುತನಕ್ಕೂ ಹುಂಬತನಕ್ಕೂ ನಡುವೆ. ಬೀದಿಯಲ್ಲಿ ಕೂಗಾಡಬೇಕಿಲ್ಲ, ಸುಮ್ನೆ ತಲೆಯಾಡಿಸಲೂಬೇಕಿಲ್ಲ. "ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಬಿಡಿ ಅಣ್ಣ, ಹಂಗೇ ಮಾಡ್ತೀನಿ" ಅನ್ನಲಿ. ಆ ಪುಸ್ತಕ ಆಡಿಟ್‌ಗೆ ಹೋಗುತ್ತದೆ ಅಂತ ಸೆಕ್ರೆಟರಿಗೂ ಗೊತ್ತಿರುತ್ತದೆ.