ಬೋಳು ಟೈರಿಗೆ ಮತ್ತೆ ಗೀರು ಕೊರೆದರೆ

ಲಾರಿ ಟೈರಿನ ಬಟನ್ ಸವೆಯುತ್ತ ಬಂದಾಗ, ಕರೆಂಟಿನಿಂದ ಕಾಯಿಸಿದ ಬಾಗಿದ ಬ್ಲೇಡು ಹಿಡಿದು ಹಳೆಯ ಗೀರುಗಳನ್ನೇ ಇನ್ನಷ್ಟು ಆಳಕ್ಕೆ ಕೊರೆಯುತ್ತಾರೆ. ರಬ್ಬರು ಉದ್ದುದ್ದ ಎಳೆಯಾಗಿ ಎದ್ದು ಬರುತ್ತದೆ. ಇದಕ್ಕೆ ರೀಗ್ರೂವಿಂಗ್ ಎಂದು ಹೆಸರು.

ಗೀರು ಹೆಚ್ಚಿದಷ್ಟೂ ಗ್ರಿಪ್ ಹೆಚ್ಚು ಎಂಬ ನಂಬಿಕೆ ಅನೇಕರದು. ಒಣ ಡಾಂಬರಿನ ಮೇಲೆ ಅದು ನಿಜವಲ್ಲ. ಅಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯುವುದು ರಬ್ಬರೇ ಹೊರತು ಗೀರಲ್ಲ. ಒಣ ಟ್ರ್ಯಾಕಿನಲ್ಲಿ ರೇಸ್ ಕಾರುಗಳಿಗೆ ಗೀರೇ ಇಲ್ಲದ ನುಣುಪು ಟೈರು ಹಾಕುವುದು ಅದಕ್ಕೇ. ಗೀರು ಬೇಕಾಗುವುದು ಮಳೆಗೆ. ಚಕ್ರದಡಿ ಸಿಕ್ಕ ನೀರಿಗೆ ಹರಿದುಹೋಗಲು ದಾರಿಯಿಲ್ಲದಿದ್ದರೆ ಅದು ಟೈರನ್ನೇ ಎತ್ತಿ ತೇಲಿಸುತ್ತದೆ. ಆಮೇಲೆ ಸ್ಟೀರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಗಾಡಿ ಮಾತು ಕೇಳುವುದಿಲ್ಲ.

1960ರ ದಶಕದಲ್ಲಿ ನಾಸಾ ಸಂಶೋಧಕರು ಈ ತೇಲುವ ವೇಗಕ್ಕೆ ಒಂದು ಸೂತ್ರ ಕೊಟ್ಟರು: ಟೈರಿನ ಗಾಳಿಯ ಒತ್ತಡ ಹೆಚ್ಚಿದಷ್ಟೂ ತೇಲಲು ಹೆಚ್ಚು ವೇಗ ಬೇಕು. ಅದರ ಪ್ರಕಾರ ಕಾರಿನ 30 ಪಿಎಸ್‌ಐ ಟೈರು ಗಂಟೆಗೆ ಸುಮಾರು 90 ಕಿ.ಮೀ.ಗೆ ತೇಲಬಹುದು, ಲಾರಿಯ 100 ಪಿಎಸ್‌ಐ ಟೈರಿಗೆ 165 ದಾಟಬೇಕು. ಹಾಗಾದರೆ ಲಾರಿಗೆ ಭಯವಿಲ್ಲವೇ? ಲೋಡ್ ಇದ್ದಾಗ ಅಷ್ಟಾಗಿ ಇಲ್ಲ. ಖಾಲಿ ಲಾರಿಯ ಟೈರು ಮಾತ್ರ ನೆಲಕ್ಕೆ ತಾಗುವ ಉದ್ದ ತೀರಾ ಕಡಿಮೆಯಾಗಿ, ಬಹಳ ಕಡಿಮೆ ವೇಗದಲ್ಲೇ ತೇಲುತ್ತದೆ. ಮಳೆಗಾಲದಲ್ಲಿ ಬೋಳು ಟೈರಿನ ಖಾಲಿ ಲಾರಿ ಕಂಡರೆ ನನಗೆ ನಿಜಕ್ಕೂ ಹೆದರಿಕೆ.

ಹಾಗೆಂದು ಎಲ್ಲ ಟೈರನ್ನೂ ಕೊರೆಯುವಂತಿಲ್ಲ. ಗೀರಿನ ತಳಕ್ಕೂ ಅದರಡಿಯ ಉಕ್ಕಿನ ತಂತಿಯ ಪದರಕ್ಕೂ (ಬೆಲ್ಟ್) ನಡುವೆ ಹೆಚ್ಚುವರಿ ರಬ್ಬರು ಇಟ್ಟೇ ತಯಾರಿಸಿದ ಲಾರಿ ಟೈರುಗಳ ಪಕ್ಕದಲ್ಲಿ 'ರೀಗ್ರೂವಬಲ್' ಎಂದು ಅಚ್ಚಾಗಿರುತ್ತದೆ. ಬೆಲ್ಟಿನ ತಂತಿಗೆ ಹಿತ್ತಾಳೆಯ ಲೇಪವಿದ್ದು, ರಬ್ಬರು ಅದಕ್ಕೆ ಬೆಸೆದುಕೊಂಡಿರುತ್ತದೆ. ಬ್ಲೇಡು ಅಲ್ಲಿವರೆಗೆ ಇಳಿಯಿತೋ, ನೀರು ಒಳಹೊಕ್ಕು ಉಕ್ಕು ತುಕ್ಕು ಹಿಡಿಯುತ್ತದೆ, ಬೆಸುಗೆ ಸಡಿಲವಾಗುತ್ತದೆ, ಒಂದು ದಿನ ಓಡುತ್ತಿರುವಾಗಲೇ ಮೇಲಿನ ಪದರ ಕಿತ್ತು ಬರುತ್ತದೆ. ಅದಕ್ಕೇ ಅಮೆರಿಕದ ನಿಯಮ, ಕೊರೆದ ಮೇಲೂ ಆ ತಂತಿಯ ಪದರದ ಮೇಲೆ ಸುಮಾರು 2.4 ಮಿ.ಮೀ. ರಬ್ಬರು ಉಳಿದಿರಬೇಕು ಎನ್ನುತ್ತದೆ. ಅಲ್ಲಿ ಬಸ್ಸಿನ ಮುಂದಿನ ಚಕ್ರಕ್ಕಂತೂ ಕೊರೆದ ಟೈರು ಹಾಕುವಂತೆಯೇ ಇಲ್ಲ.

ಸರಿಯಾಗಿ ಮಾಡಿದರೆ ಲಾಭ ಡೀಸೆಲ್ಲಿನಲ್ಲೂ ಇದೆ. ಸವೆದ ಟೈರಿನಲ್ಲಿ ಬಾಗಿ ಬಿಸಿಯಾಗುವ ರಬ್ಬರು ಕಡಿಮೆ, ಅದು ಹಗುರವಾಗಿ ಉರುಳುತ್ತದೆ. ಆ ಹಂತವನ್ನೇ ರೀಗ್ರೂವಿಂಗ್ ಇನ್ನಷ್ಟು ದೂರ ಎಳೆಯುತ್ತದೆ.

ಕಾರಿನ ಟೈರಿಗೆ ಸಾಮಾನ್ಯವಾಗಿ ಈ ಹೆಚ್ಚುವರಿ ಪದರ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವಾಗ ಗೀರಿನೊಳಗೆ ಟಾರ್ಚ್ ಬಿಟ್ಟು ನೋಡಿ. ಸವೆತ ತೋರಿಸುವ ಪುಟ್ಟ ದಿಬ್ಬಗಳು ಅಲ್ಲಿ ಕತ್ತರಿಸಿಹೋಗಿದ್ದರೆ, ಆ ಟೈರನ್ನು ಯಾರೋ ಕೊರೆದಿದ್ದಾರೆ.