"ತಿರುಪತಿಗೆ ಹೋಗಿದ್ರಾ?"

ಕ್ಯಾನ್ಸರಿಗೆ ಔಷಧಿ ಕೊಡುವ ಕಿಮೋ ವಾರ್ಡಿಗೆ ಬಂದ ಮೊದಲ ದಿನ ಹೆಂಗಸರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. ಅದನ್ನು ಡಾಕ್ಟರ ಮುಂದೆ ಕೇಳುವುದಿಲ್ಲ. ಡ್ರಿಪ್ ಹಾಕಿ, ಜೊತೆಗೆ ಬಂದವರು ಕಾಫಿಗೆ ಎದ್ದು ಹೋದ ಮೇಲೆ ಮೆಲ್ಲಗೆ ಕೇಳುತ್ತಾರೆ. "ಸಿಸ್ಟರ್, ಕೂದಲೆಲ್ಲ ಹೋಗುತ್ತಾ?"

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು "ಹೋದರೆ ಮತ್ತೆ ಬರುತ್ತೆ ಬಿಡಿ, ಮೊದಲು ಜೀವ" ಅನ್ನುತ್ತಿದ್ದೆ. ಸುಳ್ಳೇನೂ ಹೇಳಿರಲಿಲ್ಲ. ಆದರೆ ಅಷ್ಟು ಕೇಳಿದವರು ಆಮೇಲೆ ಏನೂ ಕೇಳುತ್ತಿರಲಿಲ್ಲ, ಸುಮ್ಮನಾಗಿಬಿಡುತ್ತಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು ಏನು ಅಂತ ನನಗೆ ಬಿಡಿಸಿ ಹೇಳಿದವರು ಮಂಡ್ಯ ಕಡೆಯ ಒಬ್ಬ ತಾಯಿ. "ಕೂದ್ಲು ಹೋದ್ರೆ ಹೋಗ್ಲಿ ಕಣವ್ವ. ಬೀದಿಗೆಲ್ಲ ಗೊತ್ತಾಯ್ತದಲ್ಲ. ಮಗಳಿಗೆ ಗಂಡು ನೋಡ್ತಾ ಇದೀವಿ."

ಎದೆಯ ಗಡ್ಡೆಯನ್ನು ಸೆರಗು ಮುಚ್ಚುತ್ತದೆ. ಆಪರೇಷನ್ ಗಾಯವನ್ನೂ ಮುಚ್ಚುತ್ತದೆ. ಕಾಯಿಲೆಯನ್ನು ಊರ ಮುಂದೆ ಇಡುವುದು ಬೋಳು ತಲೆ. ಅಂದಿನಿಂದ ಈ ಪ್ರಶ್ನೆ ಬಂದರೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಮೊದಲು ನೋಡುವುದು ಔಷಧಿಯ ಹೆಸರು. ಎಲ್ಲ ಕಿಮೋದಲ್ಲೂ ಕೂದಲು ಹೋಗುವುದಿಲ್ಲ. ನಮ್ಮ ರೋಗಿಗಳು 'ಕೆಂಪು ಔಷಧಿ' ಅನ್ನುವ ಡಾಕ್ಸೋರುಬಿಸಿನ್, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಇವುಗಳಲ್ಲಿ ಬಹುತೇಕ ಎಲ್ಲರಿಗೂ ಪೂರ್ತಿ ಉದುರುತ್ತದೆ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಡ್ರಿಪ್, ಕೇಪ್‌ಸಿಟಾಬಿನ್ ಮಾತ್ರೆ ಇವುಗಳಲ್ಲಿ ಸಾಮಾನ್ಯವಾಗಿ ತೆಳ್ಳಗಾಗುತ್ತದೆ ಅಷ್ಟೆ. ಇನ್ನು 'ಕರೆಂಟು', ಅಂದರೆ ರೇಡಿಯೇಷನ್. ಅದು ಬಿದ್ದ ಜಾಗದ ಕೂದಲು ಮಾತ್ರ ಹೋಗುತ್ತದೆ. ಎದೆಗೆ ಕರೆಂಟು ಕೊಟ್ಟರೆ ತಲೆಗೂದಲಿಗೆ ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಹೆದರಿಕೊಂಡು ಬರುತ್ತಾರೆ.

ಕಾರಣ ಸರಳ. ಕಿಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುತ್ತವೆ, ಕೂದಲಿನ ಬುಡದ ಕೋಶಗಳೂ ಹಾಗೇ ಬೆಳೆಯುತ್ತವೆ. ನಮ್ಮ ತಲೆಯಲ್ಲಿ ಯಾವ ಹೊತ್ತಿಗೂ ನೂರಕ್ಕೆ 85-90 ಕೂದಲು ಬೆಳೆಯುತ್ತಲೇ ಇರುತ್ತವೆ. ಅದಕ್ಕೇ ಒಟ್ಟಿಗೆ ಉದುರುವುದು. ಕೂದಲು ಉದುರಲಿಲ್ಲ ಅಂದರೆ ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಕೆಲವರು ಗಾಬರಿಯಾಗುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆಮೇಲೆ ಕ್ಯಾಲೆಂಡರ್ ತೆಗೆಯುತ್ತೇನೆ. ಮೊದಲ ಕಿಮೋ ಆಗಿ ಎರಡರಿಂದ ಮೂರು ವಾರಕ್ಕೆ ಉದುರಲು ಶುರು. ಅದಕ್ಕೆ ಒಂದೆರಡು ದಿನ ಮುಂಚೆ ಕೆಲವರಿಗೆ ತಲೆಯ ಚರ್ಮ ನೋಯುತ್ತದೆ, ದಿಂಬು ತಾಗಿದರೂ ಚುಚ್ಚಿದ ಹಾಗೆ. ಫೈಲಿನ ಮೇಲೆ ಪೆನ್ಸಿಲ್ಲಿನಲ್ಲಿ ಆ ತಾರೀಖು ಬರೆದುಕೊಡುತ್ತೇನೆ. ಅಷ್ಟರೊಳಗೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಮನೆಯಲ್ಲಿ ಕೂತು ಮಾತಾಡಿಕೊಳ್ಳಲಿ ಅಂತ. ಮಕ್ಕಳಿಗಂತೂ ಮೊದಲೇ ಹೇಳಿ. ಬೆಳಿಗ್ಗೆ ಎದ್ದು ಅಮ್ಮನ ದಿಂಬಿನ ಮೇಲೆ ಕೂದಲಿನ ರಾಶಿ ನೋಡುವ ಮಗು ತುಂಬ ಹೆದರುತ್ತದೆ.

ಊರಿನವರಿಗೆ ಹೇಳಲು ನಮ್ಮ ಹೆಂಗಸರ ಬಳಿ ಒಂದು ಸಿದ್ಧ ಉತ್ತರ ಇದೆ. "ತಿರುಪತಿಗೆ ಹೋಗಿದ್ರಾ?" ಅಂತ ಯಾರಾದರೂ ಕೇಳಿದರೆ "ಹೂಂ, ಹರಕೆ ಇತ್ತು" ಅನ್ನುತ್ತಾರೆ. ನಾನು ಅದನ್ನು ತಪ್ಪು ಅನ್ನುವುದಿಲ್ಲ. ತನ್ನ ಕಾಯಿಲೆಯ ಸುದ್ದಿಯನ್ನು ಯಾರಿಗೆ ಕೊಡಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಕೆಲವರು ನಿಜವಾಗಿಯೂ ಮುಡಿ ಕೊಡಲು ಹೊರಡುತ್ತಾರೆ, ತಿಮ್ಮಪ್ಪನಿಗೋ ಮಾದಪ್ಪನಿಗೋ. ಹೇಗೂ ಹೋಗುವ ಕೂದಲು, ದೇವರಿಗೇ ಹೋಗಲಿ ಅಂತ. ಅವರಿಗೆ ನನ್ನದೊಂದು ಮಾತಿದೆ. ಹೋಗುವುದಾದರೆ ಕಿಮೋ ಶುರುವಾಗುವ ಮೊದಲೇ, ಡಾಕ್ಟರನ್ನು ಕೇಳಿಕೊಂಡು ಹೋಗಿ ಬನ್ನಿ. ಹೊಸ ಬ್ಲೇಡೇ ಇರಲಿ, ಗಾಯವಾದರೆ ಮಾಯಲು ಕೆಲವು ದಿನ ಇರಲಿ. ಕಿಮೋ ಆಗಿ ಒಂದೆರಡು ವಾರಕ್ಕೆ ಬಿಳಿ ರಕ್ತಕಣ ತುಂಬ ಇಳಿದಿರುತ್ತದೆ. ಆಗ ಬ್ಲೇಡಿನ ಒಂದು ಗೀರು, ಜಾತ್ರೆಯಂಥ ಜನಜಂಗುಳಿ ಎರಡೂ ಅಪಾಯ. ಶುರುವಾದ ಮೇಲಾದರೆ ಮನೆಯಲ್ಲೇ ಟ್ರಿಮ್ಮರ್‌ನಲ್ಲಿ ಗಿಡ್ಡ ಮಾಡಿಸಿ.

ಗಂಡಸರನ್ನು ಯಾರೂ ಈ ಬಗ್ಗೆ ವಿಚಾರಿಸುವುದಿಲ್ಲ. ಅವರಿಗೆ ತಲೆಯ ಜೊತೆ ಮೀಸೆಯೂ ಹೋಗುತ್ತದೆ. ನಮ್ಮಲ್ಲಿ ತಲೆ ಮೀಸೆ ಎರಡೂ ಬೋಳಿಸಿದ ಗಂಡಸನ್ನು ಕಂಡರೆ "ಮನೇಲಿ ಯಾರು ಹೋದ್ರು?" ಅಂತ ಕೇಳುತ್ತಾರೆ ಅಲ್ವಾ? ಅಪ್ಪ ಅಮ್ಮ ಇಬ್ಬರೂ ಬದುಕಿರುವ ಯುವಕನಿಗೆ ಆ ಪ್ರಶ್ನೆ ಎಷ್ಟು ಕಷ್ಟ, ಯೋಚಿಸಿ. ಒಬ್ಬ ಹುಡುಗ ಅದಕ್ಕೇ ಬಸ್ಸು ಬಿಟ್ಟು ಆಟೋದಲ್ಲಿ ಬರುತ್ತಿದ್ದ.

ಹುಬ್ಬು, ರೆಪ್ಪೆ ಸ್ವಲ್ಪ ತಡವಾಗಿ ಹೋಗುತ್ತವೆ. ರೆಪ್ಪೆ ಹೋದರೆ ಕಣ್ಣಿಗೆ ಧೂಳು ಬಿದ್ದು ನೀರು ಸುರಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಮೂಗಿನ ಕೂದಲೂ ಹೋಗುತ್ತದೆ, ಅದಕ್ಕೇ ಮೂಗು ಸೋರುವುದು. ಆದರೆ ಜ್ವರ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ. ರಾತ್ರಿ ತಲೆಗೆ ಚಳಿಯಾಗುತ್ತದೆ, ಹತ್ತಿ ಟೋಪಿ ಸಾಕು. ಈರುಳ್ಳಿ ರಸ, ಬಿಸಿ ಎಣ್ಣೆ, ಯಾರೋ ಕಳಿಸಿದ ಲೇಪ ಯಾವುದೂ ಬೇಡ. ಉದುರುವುದು ನಿಲ್ಲುವುದಿಲ್ಲ, ಚರ್ಮ ಮಾತ್ರ ಉರಿಯುತ್ತದೆ. ವಿಗ್ ಬೇಕಿದ್ದರೆ ಕೂದಲು ಇರುವಾಗಲೇ ಹೋಗಿ ಆರಿಸಿ, ಬಣ್ಣ ಹೊಂದುತ್ತದೆ. ಕೂದಲು ದಾನ ಪಡೆದು ಉಚಿತವಾಗಿ ವಿಗ್ ಕೊಡುವ ಸಂಸ್ಥೆಗಳಿವೆ, ನಿಮ್ಮ ವಾರ್ಡಿನ ಸಿಸ್ಟರನ್ನು ಕೇಳಿ.

ತಲೆ ತಂಪು ಮಾಡುವ ಟೋಪಿಯ ಬಗ್ಗೆಯೂ ಈಗ ಜಾಸ್ತಿ ಜನ ಕೇಳುತ್ತಾರೆ. ಔಷಧಿ ಹೋಗುವ ಮುಂಚೆ, ಹೋಗುವಾಗ, ಹೋದ ಮೇಲೂ ಅದನ್ನು ಹಾಕಿರುತ್ತಾರೆ. ತಂಪಿಗೆ ತಲೆಯ ರಕ್ತನಾಳ ಕುಗ್ಗಿ, ಕೂದಲಿನ ಬುಡಕ್ಕೆ ಔಷಧಿ ಕಡಿಮೆ ಹೋಗುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಟೋಪಿ ಹಾಕಿಕೊಂಡ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ ಕೂದಲು ಉಳಿಯಿತು, ಹಾಕಿಕೊಳ್ಳದವರಲ್ಲಿ ಒಬ್ಬರಿಗೂ ಉಳಿಯಲಿಲ್ಲ. ಕೆಂಪು ಔಷಧಿಯಲ್ಲಿ ಇದರ ಫಲ ಕಡಿಮೆ. ರಕ್ತದ ಕ್ಯಾನ್ಸರಿಗೆ ಇದನ್ನು ಬಳಸುವುದಿಲ್ಲ. ಖರ್ಚಿದೆ, ತಲೆನೋವೂ ಬರುತ್ತದೆ. ಕೈಯಲ್ಲಿ ಆಗದವರು ಇದಕ್ಕಾಗಿ ಸಾಲ ಮಾಡುವುದು ಬೇಡ ಅಂತಲೇ ನಾನು ಹೇಳುವುದು.

ಕಿಮೋ ಮುಗಿದ ಮೇಲೆ ಒಂದರಿಂದ ಮೂರು ತಿಂಗಳಿಗೆ ಮೆತ್ತಗಿನ ಎಳೆಗೂದಲು ಕಾಣಿಸುತ್ತದೆ. ಆಮೇಲೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ನೆಟ್ಟಗಿದ್ದವರಿಗೆ ಗುಂಗುರು ಬರಬಹುದು, ಕಪ್ಪಿದ್ದವರಿಗೆ ಬಿಳಿ ಬರಬಹುದು. ಹೆಚ್ಚಿನವರಿಗೆ ನಿಧಾನಕ್ಕೆ ಮೊದಲಿನಂತಾಗುತ್ತದೆ. ಬಣ್ಣ ಹಚ್ಚಲು ಆರು ತಿಂಗಳಾದರೂ ಕಾಯಿರಿ. ಡೋಸಿಟ್ಯಾಕ್ಸೆಲ್ ತೆಗೆದುಕೊಂಡ ಕೆಲವರಿಗೆ ಮಾತ್ರ ಮೊದಲಿನಷ್ಟು ಬರುವುದೇ ಇಲ್ಲ. ಇದನ್ನೂ ಮೊದಲ ದಿನವೇ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಆರು ತಿಂಗಳಾದರೂ ನೆತ್ತಿ ತುಂಬದಿದ್ದರೆ ಚೆಕಪ್ಪಿಗೆ ಬಂದಾಗ ಸೆರಗು ಸರಿಸಿ ತೋರಿಸಿ. ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇವೆ.