ಮೇಲಿನ ಪಂಚಾಯ್ತಿಯ ಲೇಔಟ್, ಕೆಳಗಿನ ಪಂಚಾಯ್ತಿಯ ಕೆರೆ

ನಗರ ಯೋಜನೆ ನನ್ನ ಕೆಲಸ. ಸೈಟು ಮಾಡುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೆರೆಯಿಂದ ಎಷ್ಟು ಮೀಟರ್ ಬಿಡಬೇಕು ಸಾರ್? 30 ಅಂತ ಹೇಳಿ ಕಳಿಸಬಹುದು. ಆದರೆ ಎಲ್ಲಿಂದ 30? ಸರ್ವೆ ನಕ್ಷೆಯ ಗಡಿಯಿಂದಲೋ, ಕೆರೆ ಕೋಡಿ ಬಿದ್ದ ದಿನ ನೀರು ನಿಲ್ಲುವ ಅಂಚಿನಿಂದಲೋ? ಹಿನ್ನೀರಿನ ಕಡೆ ನೆಲ ಚಪ್ಪಟೆ. ಅಲ್ಲಿ ಈ ಎರಡು ಗೆರೆಗಳ ನಡುವೆ ಒಂದು ಸಾಲು ಮನೆಯೇ ಎದ್ದುಬಿಡಬಹುದು. ಒಂದೇ ಕೆರೆಯ ಆಚೀಚೆ ಎರಡು ಪಂಚಾಯ್ತಿ ಇದ್ದು, ಒಬ್ಬರು ಒಂದು ಗೆರೆ, ಇನ್ನೊಬ್ಬರು ಇನ್ನೊಂದು ಗೆರೆ ಹಿಡಿದರೆ ನಿಯಮ ಇದ್ದೂ ಇಲ್ಲದ ಹಾಗೆ.

ತಿಪ್ಪಗೊಂಡನಹಳ್ಳಿ ಜಲಾಶಯವನ್ನೇ ನೋಡಿ. ನಂದಿ ಬೆಟ್ಟದ ಕಡೆಯಿಂದ ದೊಡ್ಡಬಳ್ಳಾಪುರ, ಹೆಸರಘಟ್ಟ ದಾಟಿ ಅರ್ಕಾವತಿ ಬರುತ್ತದೆ, ಶಿವಗಂಗೆ ಕಡೆಯಿಂದ ನೆಲಮಂಗಲ ಸೀಮೆ ಹಾದು ಕುಮುದ್ವತಿ ಬರುತ್ತದೆ. 1930ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಜಲಾಶಯ ಅದು. 2012ರ ಸುಮಾರಿಗೆ ಆ ಪೂರೈಕೆ ನಿಂತಿತು. ಹಾಗಂತ ನಿಯಮ ಇರಲಿಲ್ಲವೆಂದಲ್ಲ. 2003ರಲ್ಲೇ ಸರ್ಕಾರ ಇಡೀ ಜಲಾನಯನ ಪ್ರದೇಶವನ್ನು ನಾಲ್ಕು ವಲಯ ಮಾಡಿ, ಜಲಾಶಯದ ಸುತ್ತ ಮತ್ತು ನದಿಗಳ ಎರಡೂ ದಂಡೆಯಲ್ಲಿ ಏನು ಕಟ್ಟಬಹುದು, ಏನು ಕೂಡದು ಅಂತ ಆದೇಶ ಹೊರಡಿಸಿತ್ತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು ಅನ್ನಿ. ಆದರೆ ಆ ಜಲಾನಯನ ಪ್ರದೇಶ ಹಾದುಹೋಗುವುದು ಹಲವು ತಾಲ್ಲೂಕು, ನಗರಸಭೆ, ಯೋಜನಾ ಪ್ರಾಧಿಕಾರ, ಇನ್ನೆಷ್ಟೋ ಗ್ರಾಮ ಪಂಚಾಯ್ತಿಗಳ ಮೇಲೆ. ಲೇಔಟ್ ಆದರೆ ಕಂದಾಯ ಮೇಲಿನವರಿಗೆ, ಕೊಳಚೆ ಕೆಳಗಿನವರಿಗೆ. ಈ ಲೆಕ್ಕ ಸರಿಯಾಗದೆ ಯಾರು ಯಾಕೆ ತಮ್ಮ ಊರಿನ ಸೈಟು ಬಿಟ್ಟುಕೊಡುತ್ತಾರೆ, ಅಲ್ವಾ?

ಬೆಂಗಳೂರಿನಲ್ಲೂ ಮೀಟರ್ ಬಗ್ಗೆಯೇ ಜಗಳ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್ ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನನ್ನ ಮಟ್ಟಿಗೆ ಅಗಲ ಎರಡನೇ ಮಾತು. ದಂಡೆಯಲ್ಲಿ ಹುಲ್ಲು, ಪೊದೆ ಇದ್ದರೆ ಮಳೆನೀರಿನ ಓಟ ತಗ್ಗುತ್ತದೆ, ಮಣ್ಣು ಅಲ್ಲೇ ಕೂರುತ್ತದೆ, ಪಾಚಿ ಬೆಳೆಸುವ ರಂಜಕದ ಬಹುಪಾಲು ಆ ಮಣ್ಣಿಗೇ ಅಂಟಿಕೊಂಡಿರುತ್ತದೆ. ಆದರೆ ಮೇಲಿನ ಊರಿನ ಕಾಲುವೆಯನ್ನು ಸಿಮೆಂಟಿನ ಹ್ಯೂಮ್ ಪೈಪಿಗೆ ತುರುಕಿ, ಆ ಪೈಪಿನ ಬಾಯಿ ನೇರ ಕೆರೆಗೇ ಬಿಟ್ಟರೆ ದಂಡೆಯ ಹುಲ್ಲು ಏನು ಮಾಡೀತು? ಒಮ್ಮೆ ಅಂಥದ್ದೊಂದು ಪೈಪಿನ ಮುಂದೆ ನಿಂತಿದ್ದೆ. ಎಡಬಲಕ್ಕೆ ಬೇಲಿ ಹಾಕಿದ ಚೆಂದದ ಬಫರ್ (ಏನೂ ಕಟ್ಟದೆ ಬಿಟ್ಟ ಪಟ್ಟಿ), ನಡುವೆ ಸೋಪಿನ ನೊರೆ.

ಅದಕ್ಕೇ ಈಗ ನಿಯಮ ಬರೆಯುವ ಮೊದಲು ನಕ್ಷೆ ಕೂಡಿಸುತ್ತೇನೆ. ಈಚೆಗೆ ಅಕ್ಕಪಕ್ಕದ ಎರಡು ಪಂಚಾಯ್ತಿಯ ಪಿಡಿಒಗಳನ್ನು (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳನ್ನು) ಕೂರಿಸಿಕೊಂಡು ಗ್ರಾಮ ನಕ್ಷೆಗಳನ್ನು ಅಂಚಿಗೆ ಅಂಚು ಹಚ್ಚಿಟ್ಟೆವು. ಮೇಲಿನ ಊರಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಮೀಸಲಾದ ಜಾಗ, ಅಂತ ನಮೂದಾದ ಕಾಲುವೆ ಗಡಿ ದಾಟಿದ್ದೇ ಮಾಯ! ಕೆಳಗಿನ ನಕ್ಷೆಯಲ್ಲಿ ಅದರ ಗೆರೆಯೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ನೀರುಗಂಟಿ (ಕೆರೆಯ ನೀರು ಬಿಡುವವನು) ನಕ್ಕು, "ಇಲ್ಲಿಂದ ನೀರು ಹಾರ್ಕೊಂಡು ಹೋಗುತ್ತಾ ಸಾರ್?" ಅಂದ. ಕೆಂಪು ಪೆನ್ನು ಅವನ ಕೈಗೇ ಕೊಟ್ಟೆ. ಎರಡು ಹೊಲ, ಒಂದು ಕಲ್ಯಾಣ ಮಂಟಪ ದಾಟಿಸಿ ಕೆರೆವರೆಗೂ ಗೆರೆ ಎಳೆದ. ಕಲ್ಯಾಣ ಮಂಟಪದ ಹತ್ತಿರ ಬಂದಾಗ ಇಬ್ಬರು ಪಿಡಿಒಗಳೂ ಸುಮ್ನೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.